ಹೆಮ್‌ಲಾಕ್ ನೆತ್ತಿಯಲ್ಲಿ ಉಕ್ಕಿನ ಹಗ್ಗ

ಉಕ್ಕಿನ ಹಗ್ಗವನ್ನು ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಕಾಡುಗಳು ನೂರು ವರ್ಷಕ್ಕೂ ಹಿಂದೆಯೇ ಕಂಡಿವೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ನಾಟಾ ಕೂಪುಗಳಲ್ಲಿ ಎಲ್ಲಕ್ಕಿಂತ ಎತ್ತರದ, ನೆಟ್ಟಗಿನ ಒಂದು ಮರವನ್ನು ಕಡಿಯದೆ ಉಳಿಸುತ್ತಿದ್ದರು. ಕಾಲಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡ ಆಳು, ಕಾಂಡವನ್ನು ಹಗ್ಗದಿಂದ ಬಳಸಿ, ದಾರಿಯ ಕೊಂಬೆಗಳನ್ನೆಲ್ಲ ಸವರುತ್ತ ಐವತ್ತು ಅರವತ್ತು ಮೀಟರ್ ಏರುತ್ತಿದ್ದ. ಮೇಲೆ ನಿಂತು ಮರದ ನೆತ್ತಿಯನ್ನೇ ಕಡಿದು ಕೆಡವುತ್ತಿದ್ದ. ನೆತ್ತಿ ಮುರಿದು ಬೀಳುವಾಗಿನ ಒದೆತಕ್ಕೆ ಬೋಳು ಕಾಂಡ ಅತ್ತಿಂದಿತ್ತ ತೊನೆಯುತ್ತಿತ್ತು; ಅದು ನಿಲ್ಲುವ ತನಕ ಆತ ಕಾಂಡ ತಬ್ಬಿಕೊಂಡೇ ಇರಬೇಕಿತ್ತು. ಆಮೇಲೆ ಆ ತುದಿಗೆ ಭಾರೀ ರಾಟೆಗಳನ್ನು ಬಿಗಿದು, ಸುತ್ತಲಿನ ಬೊಡ್ಡೆಗಳಿಗೆ ಎಳೆತಂತಿ ಕಟ್ಟಿ, ಕೆಳಗಿನ ಉಗಿಯಂತ್ರದಿಂದ ಉಕ್ಕಿನ ಹಗ್ಗ ಹಾಯಿಸುತ್ತಿದ್ದರು. ಕಡಿದ ದಿಮ್ಮಿಗಳು ಮೂತಿ ಎತ್ತಿಕೊಂಡು ಗುಡ್ಡದ ಮೈಯಿಂದ ಜಾರಿ ಬರುತ್ತಿದ್ದವು. ಹೀಗೆ, ನಿಂತ ಒಂದು ಮರದ ಬಲದಿಂದ ಸುತ್ತಲಿನ ಸಾವಿರ ಮರಗಳು ಇಳಿದು ಹೋದವು.

ಅಲಾಸ್ಕದ ಆಗ್ನೇಯ ಕರಾವಳಿಯಲ್ಲಿ ಈ ಕೆಲಸಕ್ಕೆ ಸಮುದ್ರವೂ ನೆರವಾಯಿತು. ದಿಮ್ಮಿಗಳ ತೆಪ್ಪದ ಮೇಲೆ ಎರಡು ಎತ್ತರದ ಕಂಬಗಳನ್ನು ತುದಿ ಕೂಡಿಸಿ ನಿಲ್ಲಿಸಿ, ಅಲ್ಲಿಂದ ಕಾಡಿನೊಳಗೆ ಹಗ್ಗ ಎಳೆದು, ದಂಡೆಯ ಇಳಿಜಾರಿನ ಮರಗಳನ್ನು ನೇರ ನೀರಿಗೇ ಇಳಿಸಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಕಟ್ಟಲೆಂದೇ ಇಲ್ಲಿಂದ ಸಿಟ್ಕಾ ಸ್ಪ್ರೂಸ್ ಮರ ಸಾಗಿಸುವ ಸರಕಾರಿ ಕಾರ್ಯಕ್ರಮ ನಡೆಯಿತು. ಹಗುರ, ಗಟ್ಟಿ, ನೇರ ಎಳೆಯ ಮರ ಅದು.

ಈಗ ಅದೇ ಕರಾವಳಿಯ ಕೆಚಿಕಾನ್ ಎಂಬ ಊರಿನ ಹತ್ತಿರ, ಹೆರಿಂಗ್ ಕೋವ್ ಎಂಬ ಸಣ್ಣ ಕೊಲ್ಲಿಯ ಬದಿಯ ಕಾಡಿನಲ್ಲಿ ಮರದಿಂದ ಮರಕ್ಕೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅದರ ಮೇಲೆ ಜಾರುವುದು ಮನುಷ್ಯರು. ಮರಗಳ ನೆತ್ತಿ ನೆತ್ತಿಯಲ್ಲೇ ಇದೆ. ಕೊಲ್ಲಿಯ ಬದಿಯಲ್ಲಿ ಹಿಂದೊಮ್ಮೆ ನಾಟಾ ಮಿಲ್ಲು ಇತ್ತು. ಜಿಪ್‌ಲೈನ್ ಎಂದರೆ ಕಿರುಚಾಟ, ಸೆಲ್ಫಿ, ಎರಡು ನಿಮಿಷದ ಮೋಜು ಎಂದುಕೊಂಡವರು ಈ ಹಿನ್ನೆಲೆಯನ್ನು ತಿಳಿದು ಹೋದರೆ ಅಲ್ಲಿನ ಪ್ರತಿ ಅಟ್ಟಣೆಯೂ ಬೇರೆಯಾಗಿ ಕಾಣುತ್ತದೆ. ನನಗೆ ಹಾಗೆ ಕಂಡಿತು.

ಕೆಚಿಕಾನ್ ಇರುವುದು ರೆವಿಲಗಿಗೇಡೊ ದ್ವೀಪದಲ್ಲಿ. ಹೊರಗಿನಿಂದ ಅಲ್ಲಿಗೆ ರಸ್ತೆ ಇಲ್ಲ. ಹಡಗು ಇಲ್ಲವೇ ವಿಮಾನ. ಊರಿನ ಜನಸಂಖ್ಯೆ ಸುಮಾರು ಎಂಟು ಸಾವಿರ. ಬೇಸಿಗೆಯ ತಿಂಗಳುಗಳಲ್ಲಿ ವಿಹಾರದ ಹಡಗುಗಳು ಅಲ್ಲಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಇಳಿಸುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಂದರೆ ಹೆಚ್ಚುಕಡಿಮೆ ನಮ್ಮ ಮಂಗಳೂರಿನ ಮಳೆ. ನಮ್ಮಲ್ಲಿ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅಲ್ಲಿ ಹನ್ನೆರಡು ತಿಂಗಳಿಗೆ ಹಂಚಿಹೋಗುತ್ತದೆ. ಕಾಡಿನ ಗುಣವನ್ನೆಲ್ಲ ನಿರ್ಧರಿಸಿರುವುದು ಈ ಹಂಚಿಕೆ. ಒಣಗುವ ತಿಂಗಳೇ ಇಲ್ಲದ್ದರಿಂದ ಬೆಂಕಿ ತೀರ ಅಪರೂಪ. ಮರಗಳು ಶತಮಾನಗಟ್ಟಲೆ ನಿಲ್ಲುತ್ತವೆ. ಬಿದ್ದರೆ ಗಾಳಿಗೆ ಬೀಳುತ್ತವೆ.

ಸುತ್ತಲಿನದೆಲ್ಲ ಟೊಂಗಾಸ್ ರಾಷ್ಟ್ರೀಯ ಅರಣ್ಯ. 1907ರಲ್ಲಿ ಥಿಯೊಡೋರ್ ರೂಸ್ವೆಲ್ಟ್ ಕಾಲದಲ್ಲಿ ಘೋಷಣೆಯಾದದ್ದು. ಈಗಿನ ವಿಸ್ತೀರ್ಣ ಸುಮಾರು 1.67 ಕೋಟಿ ಎಕರೆ. ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗಿಂತ ದೊಡ್ಡದು. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲೇ ಅತಿ ದೊಡ್ಡದಾದ ಇದರೊಳಗೆ ಹಿಮನದಿಗಳೂ ಬೋಳು ಬಂಡೆಗಳೂ ಜೌಗು ಬಯಲುಗಳೂ ಸೇರಿವೆ. ದೊಡ್ಡ ಮರಗಳಿರುವ ತಗ್ಗಿನ ಕಾಡು ಅದರಲ್ಲಿ ಸಣ್ಣ ಭಾಗ, ಕೊಡಲಿ ಮೊದಲು ಹೋದದ್ದೂ ಅಲ್ಲಿಗೇ. 1954ರಲ್ಲಿ ಕೆಚಿಕಾನ್ ಬಳಿಯ ವಾರ್ಡ್ ಕೋವ್‌ನಲ್ಲಿ ಮರದ ತಿರುಳಿನ ಕಾರ್ಖಾನೆ ಶುರುವಾಯಿತು. ಅದಕ್ಕೆ ಅರಣ್ಯ ಇಲಾಖೆ ಐವತ್ತು ವರ್ಷದ ಕರಾರು ಬರೆದುಕೊಟ್ಟಿತ್ತು. ನೂರಾರು ವರ್ಷದ ಹೆಮ್‌ಲಾಕ್ ಮರಗಳು ಅರೆದು, ಬೆಂದು, ರೇಯಾನ್ ನೂಲಿನ ಕಚ್ಚಾ ತಿರುಳಾಗಿ ಹೊರಟವು. ನಮ್ಮ ಹರಿಹರದ ಕಾರ್ಖಾನೆ ನೀಲಗಿರಿ ಮರದಿಂದ ತೆಗೆಯುವುದೂ ಇದೇ ಬಗೆಯ ತಿರುಳು. ಅದಕ್ಕಾಗಿ ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳ ಗೋಮಾಳಗಳ ಮೇಲೆ ನಡೆದ ಜಗಳ, ಹೋರಾಟಗಳು ಓದುಗರಿಗೆ ನೆನಪಿರಬಹುದು. ಕೆಚಿಕಾನ್‌ನ ಕಾರ್ಖಾನೆ 1997ರಲ್ಲಿ ಮುಚ್ಚಿತು. ನೂರಾರು ಜನರ ಕೆಲಸ ಒಮ್ಮೆಗೇ ಹೋಯಿತು. ಆ ಜಾಗದಲ್ಲಿ 2021ರಿಂದ ವಿಹಾರದ ಹಡಗುಗಳ ಧಕ್ಕೆ ಇದೆ.

ಸಿಯಾಟಲ್‌ನಲ್ಲಿರುವ ನನ್ನ ಅಕ್ಕನ ಮಗಳು, ನಾನು, ಆಗಸ್ಟ್ ಕೊನೆಯ ಒಂದು ಮಳೆಯ ಬೆಳಗ್ಗೆ ಹೆರಿಂಗ್ ಕೋವ್ ತಲುಪಿದೆವು. ಮಳೆ ಬಂದರೆ ಜಿಪ್‌ಲೈನ್ ನಿಲ್ಲುತ್ತದೆಯೇ ಎಂದು ಆಕೆ ಕೇಳಿದಾಗ ಗೈಡ್ ಹುಡುಗಿ, "ಹಾಗಾದರೆ ನಾವು ಅಂಗಡಿ ತೆರೆಯುವುದೇ ಬೇಡ" ಎಂದಳು. ಅಲ್ಲಿ ಪ್ರವಾಸ ನಿಲ್ಲುವುದು ಗುಡುಗು ಮಿಂಚಿಗೆ ಮತ್ತು ಜೋರು ಗಾಳಿಗೆ.

ತೊಡಿಸುವುದೇ ಒಂದು ದೊಡ್ಡ ಕೆಲಸ. ತೊಡೆಗೂ ಸೊಂಟಕ್ಕೂ ಪಟ್ಟಿ ಬಿಗಿಯುವ ಹಾರ್ನೆಸ್, ತಲೆಗೆ ಹೆಲ್ಮೆಟ್, ಎದೆಯ ಮುಂದೆ ಎರಡು ಗಿಡ್ಡ ಹಗ್ಗ, ಅವುಗಳ ತುದಿಯಲ್ಲಿ ತಾನೇ ಮುಚ್ಚಿಕೊಳ್ಳುವ ಉಕ್ಕಿನ ಕೊಂಡಿ. ಒಬ್ಬ ಗೈಡ್ ಬಿಗಿದದ್ದನ್ನು ಇನ್ನೊಬ್ಬ ಗೈಡ್ ಮೊದಲಿನಿಂದ ಮುಟ್ಟಿ ನೋಡುತ್ತಾನೆ. ಮೈಗೆ ಬಿಗಿದದ್ದನ್ನು ನಾವಾಗಿ ಸಡಿಲಿಸುವ ಹಾಗಿಲ್ಲ. ತೂಕಕ್ಕೆ ಕೆಳಮಿತಿಯೂ ಇದೆ, ಮೇಲುಮಿತಿಯೂ ಇದೆ. ಅಟ್ಟಣೆಯ ಮೇಲಿನ ಶಾಸನ ಒಂದೇ: ಎರಡು ಕೊಂಡಿಗಳಲ್ಲಿ ಒಂದಾದರೂ ಸದಾ ಮರಕ್ಕೋ ಲೈನಿಗೋ ಸಿಕ್ಕಿಸಿರಬೇಕು. ಒಂದನ್ನು ಲೈನಿಗೆ ಹಾಕಿ, ಅದನ್ನು ಎಳೆದು ನೋಡಿ, ಆಮೇಲೆ ಇನ್ನೊಂದನ್ನು ಬಿಡಿಸುವುದು. ಗೈಡ್ ಆ ದಿನವೆಲ್ಲ ಅದನ್ನೇ ಮಾಡುತ್ತ, ಪ್ರತಿ ಸಲವೂ ಬಾಯಿಬಿಟ್ಟು ಹೇಳುತ್ತ ಇದ್ದಳು. ಆಕೆಯ ಆ ಬೇಸರವಿಲ್ಲದ ಪುನರುಕ್ತಿ ನನಗೆ ತುಂಬ ಹಿಡಿಸಿತು. ಎತ್ತರದ ಕೆಲಸದಲ್ಲಿ ಜನ ಜಾರುವುದು ಎಲ್ಲ ಗೊತ್ತಿದೆ ಎಂಬ ಹೊತ್ತಿನಲ್ಲಿ.

ಮಲೆನಾಡಿನ ಅಡಿಕೆ ಕೊಯ್ಲು ಕಂಡವರಿಗೆ ಜಿಪ್‌ಲೈನಿನ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಮರದ ತುದಿಯಲ್ಲಿ ಕೂತ ಕೊನೆಗೌಡ ಕೊಯ್ದ ಕೊನೆಯನ್ನು ನೇಣಿನ ಮೇಲೆ ಜಾರಿಬಿಡುತ್ತಾನೆ. ಕೆಳಗೆ ನೇಣಿನ ತುದಿ ಹಿಡಿದವನು ಅದನ್ನು ಎಷ್ಟು ಬಿಗಿ, ಎಷ್ಟು ಸಡಿಲ ಇಡುತ್ತಾನೆ ಎಂಬುದರ ಮೇಲೆ ಅಡಿಕೆ ಉದುರದೆ ಬಂದು ತಲುಪುವುದು ನಿಂತಿದೆ. ಜಿಪ್‌ಲೈನಿನಲ್ಲಿ ಆ ಬಿಗಿ ಸಡಿಲದ ಲೆಕ್ಕವನ್ನು ಎಂಜಿನಿಯರು ಮೊದಲೇ ಮಾಡಿಟ್ಟಿರುತ್ತಾನೆ. ಹಗ್ಗ ನೆಟ್ಟಗೆ ಬಿಗಿದಷ್ಟೂ ಒಳ್ಳೆಯದೆಂದು ನಮಗೆ ತೋರುತ್ತದೆ. ವಾಸ್ತವ ತಿರುವುಮುರುವು. ನಡುವಿನ ಜೋಲು ಹಗ್ಗದ ಉದ್ದದ ಇಪ್ಪತ್ತರಲ್ಲಿ ಒಂದು ಪಾಲಿದ್ದರೆ, ಮಧ್ಯದಲ್ಲಿ ತೂಗುವ 80 ಕೆ.ಜಿ. ಮನುಷ್ಯ ಎರಡು ತುದಿಯ ಮರಗಳನ್ನೂ ಸುಮಾರು 400 ಕೆ.ಜಿ. ಬಲದಿಂದ ಎಳೆಯುತ್ತಾನೆ. ಜೋಲು ಅರ್ಧವಾದರೆ ಎಳೆತ ಎರಡು ಪಟ್ಟು. ಇದರ ಮೇಲೆ ಹಗ್ಗದ ಸ್ವಂತ ಭಾರ ಬೇರೆ. ಆದ್ದರಿಂದ ಒಂದಿಷ್ಟು ಜೋಲು ಇರಲೇಬೇಕು. ಜೋಲಿರುವುದರಿಂದಲೇ ಸವಾರ ಮೊದಲರ್ಧದಲ್ಲಿ ವೇಗ ಪಡೆದು, ಕೊನೆಯಲ್ಲಿ ಸ್ವಲ್ಪ ಏರುತ್ತ ತಾನಾಗಿ ನಿಧಾನವಾಗುತ್ತಾನೆ. ಗಾಳಿ ಎದುರಿದ್ದರೆ ಹಗುರ ಮೈಯವರು ತಲುಪುವ ಮೊದಲೇ ನಿಂತುಬಿಡುತ್ತಾರೆ. ಆಗ ಬೆನ್ನು ತಿರುಗಿಸಿ, ಹಗ್ಗವನ್ನು ಕೈಯಿಂದ ಕೈಗೆ ಎಳೆದುಕೊಂಡು ಬರಬೇಕು, ಇಲ್ಲವೇ ಗೈಡ್ ಬಂದು ಎಳೆದೊಯ್ಯಬೇಕು. ಭಾರದವರು ಬೇಗ ಬಂದು ತಲುಪುತ್ತಾರೆ. ಒದ್ದೆ ಹಗ್ಗದ ಮೇಲೆ ಕೈಬ್ರೇಕಿನ ಹಿಡಿತ ಕಡಿಮೆಯಾಗುವುದರಿಂದ ಕೊನೆಯಲ್ಲಿ ತಡೆಯುವ ವ್ಯವಸ್ಥೆ ಸವಾರನ ಕೈಯನ್ನು ನಂಬುವುದಿಲ್ಲ.

ಮೊದಲ ಲೈನ್ ಗಿಡ್ಡದ್ದು, ಅಭ್ಯಾಸಕ್ಕೆ. ಆಮೇಲಿನವು ಒಂದಕ್ಕಿಂತ ಒಂದು ಉದ್ದ, ಎತ್ತರ. ಒಬ್ಬ ಗೈಡ್ ಮುಂದೆ ಹೋಗಿ ಆ ತುದಿಯಲ್ಲಿ ನಿಲ್ಲುತ್ತಾನೆ, ರೇಡಿಯೊದಲ್ಲಿ ಲೈನ್ ಖಾಲಿ ಎಂದು ಹೇಳುತ್ತಾನೆ, ಈ ತುದಿಯವಳು ಅದನ್ನು ಮರುನುಡಿದ ಮೇಲೆಯೇ ನಮ್ಮನ್ನು ಬಿಡುತ್ತಾಳೆ. ಹಗ್ಗದ ಮೇಲೆ ರಾಟೆಯ ಸದ್ದು ಏರುತ್ತ ಹೋಗುತ್ತದೆ, ಮುಖಕ್ಕೆ ಮಳೆ ಹೊಡೆಯುತ್ತದೆ, ಕೆಂಗಂದು ಕಾಂಡಗಳು ಎರಡೂ ಬದಿಯಲ್ಲಿ ಹಿಂದೋಡುತ್ತವೆ. ಅಷ್ಟರಲ್ಲಿ ಮುಗಿಯಿತು. ಜಾರುವ ಹೊತ್ತಿನಲ್ಲಿ ಕಾಡು ಕಾಣುವುದಿಲ್ಲ ಎಂದೇ ಹೇಳಬೇಕು. ಕಾಡು ಕಾಣುವುದು ಅಟ್ಟಣೆಯ ಮೇಲೆ, ಸರದಿಗೆ ಕಾಯುತ್ತ ನಿಂತಾಗ. ಗೈಡ್‌ಗಳು ಆ ಕಾಯುವ ಹೊತ್ತನ್ನು ಬಳಸಿಕೊಳ್ಳುವ ರೀತಿಯೇ ಈ ಪ್ರವಾಸದ ಸತ್ವ.

"ತುದಿ ನೋಡಿ ಹೇಳಿ," ಎಂದಳು ಆಕೆ. "ತಲೆ ಬಾಗಿಸಿದ್ದು ಹೆಮ್‌ಲಾಕ್, ನೆಟ್ಟಗೆ ನಿಂತದ್ದು ಸ್ಪ್ರೂಸ್." ನೆಲದಿಂದ ನೋಡಿದರೆ ಆ ತುದಿಗಳು ಕಾಣುವುದೇ ಇಲ್ಲ. ಮೇಲೆ ನಿಂತಾಗ ಸುತ್ತಲೂ ಎಳೆಯ ಹಸಿರಿನ ಬಾಗಿದ ತುದಿಗಳು, ನಡುನಡುವೆ ನೀಲಿ ಛಾಯೆಯ ಚೂಪು ಸ್ಪ್ರೂಸ್‌ಗಳು. ಹೆಮ್‌ಲಾಕಿನ ಎಲೆ ಮೆದು, ಒಂದೇ ಕಡ್ಡಿಯಲ್ಲಿ ಗಿಡ್ಡದ್ದೂ ಉದ್ದದ್ದೂ ಬೆರೆತಿರುತ್ತದೆ. ಸ್ಪ್ರೂಸ್ ಎಲೆಯನ್ನು ಹಿಡಿದರೆ ಕೈಗೆ ಚುಚ್ಚುತ್ತದೆ, ತೊಗಟೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಹೆಮ್‌ಲಾಕ್ ಸಸಿ ನೆರಳಿನಲ್ಲಿ ದಶಕಗಟ್ಟಲೆ ಕಾಯಬಲ್ಲದು. ದೊಡ್ಡ ಮರವೊಂದು ಗಾಳಿಗೆ ಬಿದ್ದು ಮೇಲೆ ಬೆಳಕಿನ ಕಿಂಡಿ ತೆರೆದಾಗ ಅದು ಮೇಲೇಳುತ್ತದೆ. ಬಿದ್ದ ಕಾಂಡದ ಮೇಲೆಯೇ ಸಸಿಗಳು ಹುಟ್ಟಿ, ಬೇರುಗಳನ್ನು ಎರಡೂ ಬದಿಗೆ ಇಳಿಸಿ ಬೆಳೆಯುತ್ತವೆ. ಕೆಲವು ಶತಮಾನಗಳ ನಂತರ ಅಡಿಯ ಕಾಂಡ ಕರಗಿಹೋದರೂ, ಮೇಲಿನ ಮರಗಳು ಗೆರೆ ಎಳೆದ ಹಾಗೆ ಸಾಲಾಗಿ ಉಳಿದಿರುತ್ತವೆ. ಅಂಥ ಸಾಲನ್ನು ಮೇಲಿನಿಂದ ನೋಡಿದರೆ ಎಂದೋ ಬಿದ್ದ ಮರದ ಉದ್ದವನ್ನು ಅಳೆಯಬಹುದು.

ಕೊಂಬೆಗಳ ಮೇಲೆ ಪಾಚಿಯ ದಪ್ಪ ಹಾಸು. ಎಲ್ಲೆಡೆ ಗಡ್ಡದಂತೆ ಜೋಲುವ ಕಲ್ಲುಹೂ. ಕಲ್ಲುಹೂಗಳಲ್ಲಿ ಎಲೆಯಾಕಾರದ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದು, ಉದುರಿದಾಗ ಮಣ್ಣಿಗೆ ಕೊಡುತ್ತವೆ. ಚಳಿಗಾಲದಲ್ಲಿ ಬಿರುಗಾಳಿಗೆ ಕೆಳಗೆ ಬಿದ್ದ ಕಲ್ಲುಹೂವೇ ಅಲ್ಲಿನ ಕಪ್ಪುಬಾಲದ ಜಿಂಕೆಗಳಿಗೆ ಹಸಿವು ತಣಿಸುವ ಮೇವು. ಎಳೆಯ ನೆಡುತೋಪಿನಲ್ಲಿ ಈ ಯಾವುದೂ ಇರುವುದಿಲ್ಲ. ಪಾಚಿ ಕೂರುವಷ್ಟು ಅಗಲದ ಕೊಂಬೆಯಾಗಲು ಮರಕ್ಕೆ ಬಹಳ ವರ್ಷ ಬೇಕು.

ಮರದ ಮೇಲಿನ ಈ ಲೋಕವನ್ನು ಜಗತ್ತಿಗೆ ತೋರಿಸಿದವರಲ್ಲಿ ನಳಿನಿ ನಾಡಕರ್ಣಿ ಒಬ್ಬರು. ತಂದೆ ಭಾರತದಿಂದ ವಲಸೆ ಹೋದವರು, ತಾಯಿ ನ್ಯೂಯಾರ್ಕಿನ ಯಹೂದಿ ಮನೆತನದವರು. ಕೆಚಿಕಾನ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ದಕ್ಷಿಣಕ್ಕಿರುವ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದ ಮಳೆಕಾಡಿನಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗಲೇ ಹಗ್ಗ ಕಟ್ಟಿಕೊಂಡು ಮರ ಏರಿದರು. ಅಗಲ ಎಲೆಯ ಮೇಪಲ್ ಮರದ ಕೊಂಬೆಗಳ ಮೇಲಿನ ಪಾಚಿ ಹಾಸನ್ನು ಎತ್ತಿ ನೋಡಿದಾಗ ಅದರಡಿ ಕಪ್ಪು ಮಣ್ಣಿತ್ತು. ಆ ಮಣ್ಣಿನೊಳಗೆ ಮೇಪಲ್ ಮರದ್ದೇ ಬೇರುಗಳಿದ್ದವು. ನೆಲದಿಂದ ಹತ್ತಾರು ಮೀಟರ್ ಮೇಲೆ, ತನ್ನ ಕೊಂಬೆಯಿಂದ ಬೇರು ಬಿಟ್ಟು, ತನ್ನ ಮೇಲೆ ಕೂತ ಪಾಚಿ ಜರಿಗಿಡಗಳು ಕೂಡಿಟ್ಟ ಮಣ್ಣಿನಿಂದ ಮರ ನೀರು, ಸಾರ ಹೀರುತ್ತಿತ್ತು. 1981ರಲ್ಲಿ ಈ ಸಂಶೋಧನೆ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮುಂದೆ, ಹೂವಿನ ಅಂಗಡಿಗಳಿಗಾಗಿ ಕಾಡಿನಿಂದ ಪಾಚಿ ಕೀಳುವುದು ಹೆಚ್ಚಾದಾಗ, ಕಿತ್ತ ಪಾಚಿ ಮತ್ತೆ ಬೆಳೆಯಲು ದಶಕಗಳೇ ಬೇಕೆಂದು ಅವರು ತೋರಿಸಿದರು. ತೋಟದಲ್ಲಿ ಪಾಚಿ ಬೆಳೆಸುವ ದಾರಿ ಹುಡುಕಲು ಜೈಲಿನ ಕೈದಿಗಳನ್ನೇ ಜೊತೆಗಾರರನ್ನಾಗಿ ಮಾಡಿಕೊಂಡರು. 2015ರಲ್ಲಿ ಅದೇ ಒಲಿಂಪಿಕ್ ಕಾಡಿನಲ್ಲಿ ಹಗ್ಗ ಕೈಕೊಟ್ಟು ಸುಮಾರು ಹದಿನೈದು ಮೀಟರ್ ಎತ್ತರದಿಂದ ಬಿದ್ದು, ಬದುಕಿ, ಮತ್ತೆ ಮರ ಏರಿದರು.

ಬೆಂಗಳೂರಿಗೂ ಈ ವಿದ್ಯೆಯಲ್ಲಿ ಪಾಲಿದೆ. ಏಟ್ರೀ ಸಂಸ್ಥೆಯ ಸೌಭದ್ರಾ ದೇವಿ ಮತ್ತು ಟಿ. ಗಣೇಶ್ ಪಶ್ಚಿಮಘಟ್ಟದ ದಕ್ಷಿಣ ತುದಿಯ ಕಾಡಿನಲ್ಲಿ ಮರದ ನೆತ್ತಿಯ ಹೂವು, ದುಂಬಿಗಳನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದವರು. 2009ರಲ್ಲಿ ಕಾಡಿನ ನೆತ್ತಿಯ ವಿಜ್ಞಾನಿಗಳ ಐದನೇ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಪಾಚಿಯ ಕೊಂಬೆಗೆ ಇನ್ನೊಂದು ಒಕ್ಕಲು ಇದೆ. ಮಾರ್ಬಲ್ಡ್ ಮರ್ರೆಲೆಟ್ ಎಂಬುದು ಕಡಲಹಕ್ಕಿ. ನೀರಿನಲ್ಲಿ ಮುಳುಗಿ ಮೀನು ಹಿಡಿಯುತ್ತದೆ. ಹದಿನೆಂಟನೇ ಶತಮಾನದ ಕೊನೆಯಲ್ಲೇ ಯುರೋಪಿನ ವಿಜ್ಞಾನಿಗಳು ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಿದ್ದರು. ಆದರೆ ಅದು ಮೊಟ್ಟೆ ಇಡುವುದೆಲ್ಲಿ ಎಂಬುದು ಸುಮಾರು ಎರಡು ಶತಮಾನ ಯಾರಿಗೂ ಗೊತ್ತಾಗಲಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇಸಿನ್ ಉದ್ಯಾನದಲ್ಲಿ, ಪ್ರವಾಸಿಗರ ಮೇಲೆ ಬೀಳಬಹುದಾದ ಕೊಂಬೆ ಕಡಿಯಲು ದೈತ್ಯ ಡಗ್ಲಸ್ ಫರ್ ಮರ ಏರಿದ್ದ ಕೆಲಸಗಾರನೊಬ್ಬ ಪಾಚಿಯ ಮೇಲೆ ಕೂತ ಒಂದು ಮರಿಯನ್ನು ಕಂಡ. ಗೂಡಿರಲಿಲ್ಲ. ಪಾಚಿಯಲ್ಲಿ ಒಂದು ಕುಳಿ, ಅಷ್ಟೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸಮುದ್ರದಿಂದ ಹತ್ತಾರು ಕಿಲೋಮೀಟರ್ ಒಳನಾಡಿಗೆ ಮುಂಜಾವದ ಮಬ್ಬಿನಲ್ಲಿ ಹಾರಿ ಬಂದು ಮರಿಗೆ ಮೀನು ಕೊಟ್ಟು ಹೋಗುತ್ತದೆ. ಅದಕ್ಕೆ ಬೇಕಾದ ಅಗಲ, ಪಾಚಿ ಕಟ್ಟಿದ ಕೊಂಬೆ ಮುದಿ ಮರದಲ್ಲಿ ಮಾತ್ರ ಸಿಗುತ್ತದೆ. ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಾಗಳಲ್ಲಿ ಅಂಥ ಮರಗಳು ಹೋದಂತೆ ಹಕ್ಕಿಯೂ ಕ್ಷೀಣಿಸಿ, 1992ರಲ್ಲಿ ಅಪಾಯಕ್ಕೀಡಾದ ಜೀವಿಗಳ ಪಟ್ಟಿ ಸೇರಿತು. ಅಲಾಸ್ಕದಲ್ಲಿ ಇನ್ನೂ ದೊಡ್ಡ ಸಂಖ್ಯೆಯಲ್ಲಿದೆ. ಕತೆ ಕೇಳುತ್ತಿದ್ದ ಅಕ್ಕನ ಮಗಳು ನಮ್ಮ ಪಕ್ಕದ ಹೆಮ್‌ಲಾಕ್ ಕೊಂಬೆಯನ್ನು ಬಹಳ ಹೊತ್ತು ನೋಡಿ, "ಚಿಕ್ಕಮ್ಮ, ಇಷ್ಟು ಸಾಕಾಗುತ್ತೆ ಅಲ್ವಾ ಅದಕ್ಕೆ?" ಎಂದು ಎರಡು ಅಂಗೈ ಜೋಡಿಸಿ ಅಳತೆ ತೋರಿಸಿದಳು. ಸಾಕಾಗುತ್ತದೆ ಎಂದಳು ಗೈಡ್.

ಒಂದು ಕಡೆ ಹಗ್ಗದ ಸೇತುವೆ ಹೊಳೆಯ ಪಕ್ಕಕ್ಕೆ ಬರುತ್ತದೆ. ಅಲ್ಲಿ ಕೆಳಗಿನಿಂದ ಕೊಳೆತ ಮೀನಿನ ವಾಸನೆ ಮೂಗಿಗೆ ರಾಚಿತು. ನೀರಿನಲ್ಲಿ ಗುಲಾಬಿ ಸಾಲ್ಮನ್ ಮೀನುಗಳು ಒಂದರ ಮೈಗೆ ಒಂದು ತಾಗುವಷ್ಟು ಒತ್ತಾಗಿ ಪ್ರವಾಹದ ಎದುರು ನಿಂತಿದ್ದವು. ಹುಟ್ಟಿದ ಹೊಳೆಗೇ ಮರಳಿ, ಮೊಟ್ಟೆ ಇಟ್ಟು, ಸಾಯುವ ಮೀನುಗಳು. ದಂಡೆಯಲ್ಲಿ ಕಪ್ಪು ಕರಡಿಯೊಂದು ಮೀನನ್ನು ಕಚ್ಚಿ ಹಿಡಿದು ನಡೆದು ಪೊದೆಯೊಳಗೆ ಹೋಯಿತು. ಹದ್ದುಗಳು, ಕಾಡುಕಾಗೆಗಳು ಕಾದಿದ್ದವು. ಗೈಡ್ ಹೇಳಿದ್ದು ಇಷ್ಟು: ಕರಡಿ ಮೀನನ್ನು ಪೂರ್ತಿ ತಿನ್ನುವುದಿಲ್ಲ. ಮೊಟ್ಟೆ, ಮಿದುಳು ಹೀಗೆ ಕೊಬ್ಬಿನ ಭಾಗ ತಿಂದು ಉಳಿದದ್ದನ್ನು ಮರಗಳ ಬುಡದಲ್ಲಿ ಬಿಟ್ಟು ಮತ್ತೊಂದಕ್ಕೆ ಹೋಗುತ್ತದೆ. ಆ ಮೀನು ಕಾಡಿನ ಗೊಬ್ಬರ.

ಇದು ಬರಿ ಊಹೆಯಲ್ಲ. ಸಮುದ್ರದಿಂದ ಬಂದ ಸಾರಜನಕದಲ್ಲಿ ಭಾರದ ಪರಮಾಣುಗಳ ಪ್ರಮಾಣ ಸ್ವಲ್ಪ ಹೆಚ್ಚು, ಆದ್ದರಿಂದ ಎಲೆಯಲ್ಲಿ ಅದನ್ನು ಗುರುತಿಸಬಹುದು. ಇದೇ ಆಗ್ನೇಯ ಅಲಾಸ್ಕದ ಚಿಚಗಾಫ್ ದ್ವೀಪದ ಹೊಳೆಗಳ ಬಳಿ ಜೇಮ್ಸ್ ಹೆಲ್ಫೀಲ್ಡ್ ಮತ್ತು ರಾಬರ್ಟ್ ನೈಮನ್ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಲ್ಮನ್ ಬರುವ ಹೊಳೆಯ ದಂಡೆಯ ಗಿಡಮರಗಳ ಎಲೆಯ ಸಾರಜನಕದಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಮೀನಿನಿಂದ ಬಂದದ್ದು. ಅಲ್ಲಿ ಸಿಟ್ಕಾ ಸ್ಪ್ರೂಸ್ ಬೇಗ ದಪ್ಪವಾಗುತ್ತದೆ. ದಪ್ಪ ಮರ ಹೊಳೆಗೆ ಬಿದ್ದರೆ ನೀರು ತಡೆದು ಮಡುಗಳಾಗುತ್ತವೆ, ಮಡುವಿನಲ್ಲಿ ಮೀನಿನ ಮರಿಗಳು ಉಳಿಯುತ್ತವೆ. ಮೂವತ್ತು ಮೀಟರ್ ಮೇಲೆ ನಾನು ಕೈಯಿಟ್ಟ ಕಾಂಡದೊಳಗೆ ಪೆಸಿಫಿಕ್ ಸಾಗರದ ಅಂಶವಿದೆ ಎಂಬ ತಿಳಿವು, ಜಾರುವಾಗಿನ ಎದೆಬಡಿತಕ್ಕಿಂತ ಹೆಚ್ಚಾಗಿ ನನ್ನನ್ನು ಅಲುಗಿಸಿತು.

ಇಷ್ಟೆಲ್ಲ ಹೊತ್ತು ನಿಂತ ಮರಕ್ಕೆ ನಾವು ಭಾರವಾಗುವುದಿಲ್ಲವೇ? ಈ ಪ್ರಶ್ನೆಯನ್ನು ಕೇಳಲೇಬೇಕು. ಮರ ಬೆಳೆಯುವುದು ತೊಗಟೆಯ ಕೆಳಗಿನ ತೆಳುಪದರದಲ್ಲಿ. ಕಾಂಡದ ಸುತ್ತ ಉಕ್ಕಿನ ಹಗ್ಗವನ್ನು ನೇರವಾಗಿ ಬಿಗಿದರೆ ಕೆಲವೇ ವರ್ಷಗಳಲ್ಲಿ ಅದು ಉರುಳಾಗುತ್ತದೆ. ಅದನ್ನು ತಪ್ಪಿಸಲು ಎರಡು ದಾರಿ ಇವೆ. ಕಾಂಡದ ಸುತ್ತ ಲಂಬವಾಗಿ ಮರದ ತುಂಡುಗಳನ್ನು ಇಟ್ಟು, ಅವುಗಳ ಮೇಲೆ ಹಗ್ಗ ಸುತ್ತಿ ಬಿಗಿಯುವುದು ಒಂದು. ತುಂಡುಗಳ ನಡುವಿನ ಸಂದಿಯಲ್ಲಿ ಸಾರ ಹರಿಯುತ್ತಿರುತ್ತದೆ, ಮರ ದಪ್ಪವಾದಂತೆ ಸಡಿಲಿಸುತ್ತ ಹೋಗಬೇಕು. ಕಾಂಡದ ಮಧ್ಯೆ ಒಂದೇ ಒಂದು ತೂತು ಕೊರೆದು ದಪ್ಪ ಬೋಲ್ಟು ಹಾಯಿಸುವುದು ಇನ್ನೊಂದು. ಎರಡನೆಯದು ಕ್ರೂರವಾಗಿ ಕಾಣುತ್ತದೆ. ಆದರೆ ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಎಪ್ಪತ್ತರ ದಶಕದಲ್ಲಿ ತೋರಿಸಿಕೊಟ್ಟ ಹಾಗೆ, ಮರ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸಿಕೊಳ್ಳುವುದಿಲ್ಲ. ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತವನ್ನು ಒಳಗೇ ಬಂಧಿಸಿ, ಹೊರಗೆ ಹೊಸ ಮರ ಬೆಳೆಸುತ್ತದೆ. ಸಣ್ಣ ಗಾಯವೊಂದಕ್ಕೆ ಗೋಡೆ ಕಟ್ಟುವುದು ಅದಕ್ಕೆ ಸಾಧ್ಯ, ಸುತ್ತಲೂ ಕತ್ತು ಹಿಸುಕಿದರೆ ಸಾಧ್ಯವಿಲ್ಲ. ಲೈನಿನ ಎಳೆತ ಒಂದೇ ಕಡೆ ಬೀಳದಂತೆ ಹಿಂದಿನ ಮರಗಳಿಗೆ ಎಳೆತಂತಿ ಕಟ್ಟಿರುತ್ತಾರೆ, ಹಿಂದೆ ಕೂಪಿನ ಕಂಬಮರಕ್ಕೆ ಕಟ್ಟುತ್ತಿದ್ದ ಹಾಗೆಯೇ.

ಈ ಕರಾವಳಿಯ ಟ್ಲಿಂಗಿಟ್ ಮತ್ತು ಹೈದಾ ಜನ ಕೆಂಪು ಸೀಡರ್ ಮರದಿಂದ ದೋಣಿ, ಮನೆ, ಕುಲದ ಕೆತ್ತನೆಗಂಬ ಮಾಡಿದವರು. ಬುಟ್ಟಿ, ಚಾಪೆಗೆ ತೊಗಟೆ ಬೇಕಾದಾಗ ನಿಂತ ಮರದ ಒಂದು ಪಕ್ಕದಿಂದ ಕಿರಿದಾದ ಪಟ್ಟಿಯನ್ನು ಮಾತ್ರ ಮೇಲಕ್ಕೆ ಎಳೆದು ತೆಗೆಯುತ್ತಾರೆ. ಮರ ಬದುಕುತ್ತದೆ. ಶತಮಾನದ ಹಿಂದೆ ತೆಗೆದ ಪಟ್ಟಿಯ ಗುರುತು ಹೊತ್ತು ಇನ್ನೂ ಬೆಳೆಯುತ್ತಿರುವ ಮರಗಳಿವೆ. ಮರದಿಂದ ಎಷ್ಟು ತೆಗೆದುಕೊಂಡರೆ ಅದು ತಾಳುತ್ತದೆ ಎಂಬ ಲೆಕ್ಕ ಅಲ್ಲಿ ಶೈಗೊ ಅವರಿಗಿಂತ ಬಹಳ ಹಿಂದಿನದು.

ಮೋಜಿಗಾಗಿ ಮರದ ನೆತ್ತಿಯಲ್ಲಿ ಹಗ್ಗ ಕಟ್ಟುವ ರೂಢಿ ಬಂದದ್ದು ವಿಜ್ಞಾನಿಗಳ ಹಿಂದೆಯೇ. ಎಪ್ಪತ್ತರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ವಿದ್ಯಾರ್ಥಿ ಕೋಸ್ಟರೀಕಾದಲ್ಲಿ ಅಡ್ಡಬಿಲ್ಲಿನಿಂದ ಕೊಂಬೆಯ ಮೇಲೆ ದಾರ ಹಾಯಿಸಿ, ಹಗ್ಗಗಳ ಜಾಲ ಕಟ್ಟಿ, ಮರಗಳ ನಡುವೆ ಓಡಾಡಿದ. ತೊಂಬತ್ತರ ದಶಕದಲ್ಲಿ ಅದೇ ದೇಶದ ಮಾಂಟೆವರ್ಡೆಯಲ್ಲಿ ಪ್ರವಾಸಿಗರ ಲೈನುಗಳು ಶುರುವಾಗಿ ಜಗತ್ತಿಗೆಲ್ಲ ಹಬ್ಬಿದವು.

ಹಬ್ಬಿದ ಲೈನುಗಳೆಲ್ಲ ಒಂದೇ ಬಗೆಯವಲ್ಲ. ಗುಡ್ಡದ ತುದಿಯಲ್ಲಿ ಮರ ಸವರಿ ಕಬ್ಬಿಣದ ಗೋಪುರ ನೆಟ್ಟು, ಹಾಡು ಹಾಕಿ, ಜನರನ್ನು ಕಣಿವೆಗೆ ಎಸೆಯುವ ಲೈನುಗಳೇ ಈಗ ಹೆಚ್ಚು. ಅಲ್ಲಿ ಕಾಡು ಕೇವಲ ಹಿನ್ನೆಲೆಯ ಚಿತ್ರ. ಹೆರಿಂಗ್ ಕೋವ್‌ನಂಥ ಕಡೆ ಲೈನಿಗೆ ಮರವೇ ಬೇಕು, ಅದೂ ದೊಡ್ಡ ಮರ, ಬದುಕಿರುವ ಮರ. ಹೆಸರು ತಿಳಿದ ಗೈಡ್ ಬೇಕು. ಟಿಕೆಟ್ ದುಬಾರಿ, ನಮ್ಮ ಹಣದಲ್ಲಿ ಒಬ್ಬರಿಗೆ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಬರುವವರನ್ನು ಹೊತ್ತ ಹಡಗುಗಳ ಹೊಗೆ, ಒಂದೇ ದಿನ ಊರಿನ ಜನಸಂಖ್ಯೆಯನ್ನು ಮೀರಿ ಇಳಿಯುವ ಜನಸಂದಣಿ, ಬೇಸಿಗೆಗೆ ಮಾತ್ರ ಸಿಗುವ ಕೆಲಸ, ಇವೆಲ್ಲ ಕೆಚಿಕಾನ್‌ನ ದೈನಂದಿನ ಚರ್ಚೆ. ತಿರುಳಿನ ಕಾರ್ಖಾನೆ ವರ್ಷವಿಡೀ ಸಂಬಳ ಕೊಡುತ್ತಿತ್ತು ಎನ್ನುವ ಹಿರಿಯರ ಮಾತಿಗೆ ತೂಕವಿದೆ. ಆದರೂ ಅಳೆದು ನೋಡಿದರೆ ನನಗೆ ಕಾಣುವುದು ಇಷ್ಟು: ಆ ಕಾರ್ಖಾನೆಗೆ ಒಂದು ಹೆಮ್‌ಲಾಕ್ ಒಂದೇ ಸಲ ಬೆಲೆ ಕೊಡುತ್ತಿತ್ತು. ಇಲ್ಲಿ ಅದೇ ಮರ ಪ್ರತಿ ಬೇಸಿಗೆಯೂ ಸಾವಿರಾರು ಜನರಿಗೆ ಮರ್ರೆಲೆಟ್‌ನ ಕತೆ ಹೇಳಿಸುತ್ತದೆ, ಊರಿನ ಮಕ್ಕಳ ಕೈಗೆ ಕೆಲಸ ಕೊಡುತ್ತದೆ, ಚಳಿಗಾಲಕ್ಕೆ ಜಿಂಕೆಗೆ ಕಲ್ಲುಹೂವನ್ನೂ ಉದುರಿಸುತ್ತದೆ.

ನಿಂತಿರುವುದೆಲ್ಲ ಕ್ಷೇಮವಾಗಿದೆ ಎಂದಲ್ಲ. ಕೊನೆಯ ಎತ್ತರದ ಅಟ್ಟಣೆಯಲ್ಲಿ ಗೈಡ್ ದೂರದ ಇಳಿಜಾರಿನ ಕಡೆ ಕೈ ತೋರಿದಳು. ಹಸಿರಿನ ನಡುವೆ ಬೂದುಬಣ್ಣದ ಒಣ ಕಂಬಗಳು. ಅವು ಹಳದಿ ಸೀಡರ್. ಆಗ್ನೇಯ ಅಲಾಸ್ಕದಲ್ಲಿ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಈ ಮರಗಳು ಒಣಗಿವೆ. ರೋಗವೂ ಅಲ್ಲ, ಹುಳುವೂ ಅಲ್ಲ. ಅರಣ್ಯ ಇಲಾಖೆಯ ಪಾಲ್ ಹೆನನ್ ಮತ್ತು ಸಂಗಡಿಗರು ದಶಕಗಳ ಕೆಲಸದ ನಂತರ ಕಂಡುಕೊಂಡ ಕಾರಣ ಹಿಮದ ಕೊರತೆ. ಜೌಗು ನೆಲದಲ್ಲಿ ಈ ಮರದ ಬೇರು ಮೇಲ್ಪದರದಲ್ಲೇ ಹರಡಿರುತ್ತದೆ. ಮೊದಲು ಅದರ ಮೇಲೆ ವಸಂತದವರೆಗೂ ಹಿಮದ ಹೊದಿಕೆ ಇರುತ್ತಿತ್ತು. ಭೂಮಿ ಬಿಸಿಯಾಗಿ ಹಿಮ ಬೇಗ ಕರಗುವುದರಿಂದ, ಆಮೇಲೆ ಬರುವ ಒಂದು ಚಳಿಯ ರಾತ್ರಿಗೆ ಬೇರುಗಳು ಹೆಪ್ಪುಗಟ್ಟಿ ಸಾಯುತ್ತವೆ. ಹೀಗೆ, ಸೆಖೆ ಹೆಚ್ಚಾದ್ದಕ್ಕೆ ಚಳಿಯಿಂದ ಸಾಯುವ ಮರ.

ಕೊಡಲಿಯ ಮಾತೂ ಮುಗಿದಿಲ್ಲ. 2001ರಲ್ಲಿ ಅಮೆರಿಕ ಸರಕಾರ ರಾಷ್ಟ್ರೀಯ ಅರಣ್ಯಗಳ ರಸ್ತೆಯಿಲ್ಲದ ಭಾಗಗಳಲ್ಲಿ ಹೊಸ ರಸ್ತೆ ಮತ್ತು ನಾಟಾ ಕಡಿತವನ್ನು ನಿಲ್ಲಿಸುವ ನಿಯಮ ತಂದಿತು. ಟೊಂಗಾಸ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಅದರೊಳಗೆ ಬರುತ್ತದೆ. 2020ರಲ್ಲಿ ಟೊಂಗಾಸ್‌ಗೆ ವಿನಾಯಿತಿ ಕೊಟ್ಟರು, 2023ರಲ್ಲಿ ರಕ್ಷಣೆಯನ್ನು ಮರಳಿ ತಂದರು, 2025ರಲ್ಲಿ ನಿಯಮವನ್ನೇ ರದ್ದು ಮಾಡುವ ಪ್ರಕ್ರಿಯೆ ಶುರುವಾಯಿತು. ನಾವು ಹೋಗಿದ್ದ ಆ ಆಗಸ್ಟಿನ ಕೊನೆಯಲ್ಲೇ ಸಾರ್ವಜನಿಕರ ಅಭಿಪ್ರಾಯ ಕೇಳಲು ಆರಂಭಿಸಿದರು. ಅದಕ್ಕೆ ಇಟ್ಟಿದ್ದು ಮೂರು ವಾರದ ಗಡುವು.

ಅಕ್ಕನ ಮಗಳು ಇಂಥ ವಿಷಯಗಳಲ್ಲಿ ತಲೆಹಾಕುವವಳಲ್ಲ. ಸಿಯಾಟಲ್‌ಗೆ ಮರಳಿದ ಮೇಲೆ ಒಂದು ರಾತ್ರಿ ಊಟದ ಮೇಜಿನಲ್ಲೇ ಕೂತು ತನ್ನ ಅಭಿಪ್ರಾಯ ಬರೆದಳು. ಜಾರಿದ ಸಂಗತಿ ಅದರಲ್ಲಿರಲಿಲ್ಲ. ಹೊಳೆಯ ಮೀನು, ಕರಡಿ ಬಿಟ್ಟುಹೋದ ಅರ್ಧ ಮೀನು, ಸ್ಪ್ರೂಸ್‌ನ ಎಲೆ, ಎರಡು ಅಂಗೈ ಅಗಲದ ಕೊಂಬೆ, ಇಷ್ಟನ್ನು ಒಂದರ ಕೆಳಗೊಂದು ಬರೆದು, ಈ ಭಾಗಗಳಿಗೆ ರಸ್ತೆ ಮಾಡಬೇಡಿ ಎಂದಿದ್ದಳು. ಕಳಿಸುವ ಮೊದಲು ನನಗೆ ಓದಿ ಹೇಳಿ, "ಚಿಕ್ಕಮ್ಮ, ಹಕ್ಕಿಯ ಹೆಸರು ಸರಿ ಬರೆದಿದ್ದೀನಾ ನೋಡು" ಎಂದಳು. ಸರಿಯಾಗಿತ್ತು. ಕಳಿಸಿದಳು.